ಎಂಟು ಸೊಮೊನಿ

ದುಶಾಂಬೆಯಿಂದ ಬಂದವನ ಚೀಲದಲ್ಲಿ
ಐದು ಕರಿಗಲ್ಲು, ಐದು ಬಿಳಿಗಲ್ಲು.
ಬಿಳಿ ಬಂದರೆ ಇಪ್ಪತ್ತು ಸೊಮೊನಿ,
ಕರಿ ಬಂದರೆ ಸೊನ್ನೆ.
ಆಡಲೊಲ್ಲೆ ಅಂದವರ ಕೈಗೆ ಎಂಟು, ಹಾಗೇ, ಸುಮ್ಮನೆ.

ಗಣಿತದ ಪಾಠ ನಿಲ್ಲಿಸಿ ಬಾಗಿಲಿಗೆ ಒರಗಿ ನಿಂತೆ.
ಒಂಬತ್ತು ಹುಡುಗರು. ಏಳು ಮಂದಿ ಕೈಹಾಕಿದರು.
ಶೋದ್ಮೋನ್ ಸೋತ; ಸೋತದ್ದಕ್ಕೇ ಬೆನ್ನು ತಟ್ಟಿಸಿಕೊಂಡ.
ಹನ್ನೊಂದು ಹುಡುಗಿಯರು. ಇಬ್ಬರು.
ಉಳಿದವರು ಎಂಟೆಂಟು ಎಣಿಸಿಕೊಂಡು
ತಲೆವಸ್ತ್ರದ ತುದಿಗೆ ಗಂಟು ಹಾಕಿದರು.
ಅವನು ಕಾಗದದ ಮೇಲೆ ಏನೋ ಗೀಚಿ ನಕ್ಕ:
“ಎಲ್ಲ ಕಡೆಯೂ ಹೀಗೇ, ಟೀಚರ್.
ಹೆಣ್ಣುಮಕ್ಕಳದು ಪುಕ್ಕಲು ಲೆಕ್ಕ.”

ನಮ್ಮ ನುಡಿಯಲ್ಲಿ ಧೈರ್ಯಕ್ಕಿರುವ ಮಾತೇ ಮರ್ದೀ.
ಗಂಡಸುತನ. ಗಂಡೆದೆ.
ಹೆಣ್ಣಿನ ಎದೆಗೆ ಹಾಲೊಂದೇ ಸಾಕೆಂದು
ನಿಘಂಟು ಬರೆದವರು ಯಾರೋ,
ಅವರೂ ಅದನ್ನೇ ಕುಡಿದವರು.

ಅವನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ:
ಆ ಹನ್ನೊಂದರಲ್ಲಿ ಆರು ಮಂದಿ ಆಚೆ ದಡದವರು.
ಹೋದ ಜೂನಿನಲ್ಲಿ ಹಿಮ ಕರಗಿ, ಬರ್ತಾಂಗ್ ಹೊಳೆ
ಸೇತುವೆಯನ್ನು ಕಡ್ಡಿಯ ಹಾಗೆ ಮುರಿದುಕೊಂಡು ಹೋಯಿತು.
ಅಂದಿನಿಂದ ಒಂದು ಉಕ್ಕಿನ ತಂತಿ, ಒಂದು ರಾಟೆ,
ರಾಟೆಗೆ ಜೋತುಬಿದ್ದ ಹಲಗೆಯ ಪೆಟ್ಟಿಗೆ.
ತೊಟ್ಟಿಲು ಅನ್ನುತ್ತಾರೆ ಅದನ್ನು.
ದಿನಕ್ಕೆರಡು ಸಲ, ಒಬ್ಬೊಬ್ಬರೇ,
ಪುಸ್ತಕದ ಚೀಲ ಮಡಿಲಲ್ಲಿಟ್ಟುಕೊಂಡು,
ನೀರು ಬಂಡೆಗಳನ್ನು ಉರುಳಿಸುವ ಸದ್ದಿನ ಮೇಲೆ
ತಾವೇ ಹಗ್ಗ ಜಗ್ಗಿಕೊಂಡು ಬರುತ್ತಾರೆ
ಬೀಜಗಣಿತ ಕಲಿಯಲು.

ಅದನ್ನು ಯಾರೂ ಬರೆದುಕೊಳ್ಳಲಿಲ್ಲ.
ಅದು ಪಂದ್ಯವಲ್ಲ, ಬರೀ ದಾರಿ.
ಅವನಂತೂ ಹೊಳೆಯ ಈಚೆಗೇ ಉಳಿದ.

ಸಂಜೆ ಸವ್ಸನಳನ್ನು ಕೇಳಿದೆ:
ಯಾಕೆ ಆಡಲಿಲ್ಲ? ಸರಾಸರಿ ಹತ್ತು ಬರುವ ಆಟ,
ನಾನೇ ಕಲಿಸಿದ್ದಲ್ಲವೆ?
ಕೂಡುವುದೂ ಬಾರದವಳನ್ನು ನೋಡುವಂತೆ ನನ್ನ ನೋಡಿದಳು.
“ಸರಾಸರಿ ಕೊಟ್ಟರೆ ಅಂಗಡಿಯಲ್ಲಿ ಗ್ರೀಸ್ ಕೊಡೋಲ್ಲ, ಟೀಚರ್.
ಡಬ್ಬಿಗೆ ಏಳು. ರಾಟೆ ನಡುಹೊಳೆಯಲ್ಲಿ ಕಚ್ಚಿಕೊಳ್ಳುತ್ತೆ.
ಮೊನ್ನೆ ಮಾವ್ಜುದಾ ಎಷ್ಟೋ ಹೊತ್ತು
ಗಾಳಿಯಲ್ಲೇ ಕೂತಿದ್ದಳು.”
ಉಳಿದ ಒಂದಕ್ಕೆ?
“ಪೆನ್ನು.”

ಆ ರಾತ್ರಿ ಟ್ರಂಕಿನ ತಳದಿಂದ ಕಾಗದವೊಂದನ್ನು ತೆಗೆದೆ.
ತೊಂಬತ್ತೆರಡನೆಯ ಇಸವಿ. ಭೌತಶಾಸ್ತ್ರ ವಿಭಾಗ.
ನನ್ನ ಹೆಸರು, ಅದರ ಮೇಲೆ ಮೊಹರು.
ದಾರಿಯುದ್ದಕ್ಕೂ ಬಂದೂಕು, ಹೆಣ್ಣುಮಗಳು, ಬೇಡ ಅಂದರು.
ಅದೇ ದಾರಿ ಹಿಡಿದು ಅಣ್ಣ ಮಾಸ್ಕೋಗೆ ಹೋದ, ಇಟ್ಟಿಗೆ ಹೊರಲು.
ಅವನ ಎದೆಗಾರಿಕೆಯನ್ನು ಊರೇ ನಿಂತು ಬೀಳ್ಕೊಟ್ಟಿತು.
ನಾನು ಎಂಟು ತೆಗೆದುಕೊಂಡೆ.
ಗ್ರೀಸಿಗಾಗಿ ಅಲ್ಲ. ಹೆದರಿ.
ಇದನ್ನೂ ಹೇಳಬೇಕು,
ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಶುಕ್ರವಾರ ಹುಡುಗರನ್ನು ಕಟ್ಟಿಗೆಗೆ ಕಳಿಸಿ
ಹುಡುಗಿಯರಿಗಷ್ಟೇ ಜರ್ದಾಲು ಬೀಜ ಹಂಚಿದೆ, ತಲೆಗೆ ನಲವತ್ತು.
ಅದೇ ಆಟ. ನೋಡುವವರಿಲ್ಲ, ಬರೆಯುವವರಿಲ್ಲ,
ಗ್ರೀಸಿನ ಡಬ್ಬಿ ಆಗಲೇ ಬಂದು ಕಿಟಕಿಯಲ್ಲಿ ಕೂತಿತ್ತು.
ಅಬ್ಬಬ್ಬಾ, ಎಂಥ ಜೂಜುಕೋರರು!
ಮಾವ್ಜುದಾ ನಲವತ್ತೂ ಒಂದೇ ಏಟಿಗೆ ಒಡ್ಡಿ, ಸೋತು,
ಹೊಟ್ಟೆ ಹಿಡಿದುಕೊಂಡು ನಕ್ಕು ಸಾಲ ಕೇಳಿದಳು.
ಬೆಂಚು ಹತ್ತಿದವರು, ಕಿರುಚಿದವರು,
ಮೋಸ ಮಾಡಿ ಸಿಕ್ಕಿಬಿದ್ದವರು.
ಸವ್ಸನ್ ಮಾತ್ರ ಇಪ್ಪತ್ತಕ್ಕೇ ನಿಲ್ಲಿಸಿದಳು.
ಅದು ಸವ್ಸನಳ ಸ್ವಭಾವ. ಹೆಣ್ಣಿನದಲ್ಲ.

ಕೊನೆಗೆ ಬೀಜ ಜಜ್ಜಿ ತಿರುಳು ಮೆಲ್ಲುತ್ತ ಅವಳೇ ಕೇಳಿದಳು:
“ಚೀಲ ಹಿಡಿದವರು
ಯಾವಾಗ ಸೋಲುತ್ತಾರೆ, ಟೀಚರ್?”

ಕರಿಹಲಗೆಯ ಮೇಲೆ ಬರೆದಿಟ್ಟಿದ್ದೇನೆ, ಅಳಿಸಿಲ್ಲ.
ಸೋಮವಾರ ಹುಡುಗರೂ ಅದನ್ನು ಬಿಡಿಸಲಿ.
ಶೋದ್ಮೋನನನ್ನು ಮಾತ್ರ ಪಕ್ಕಕ್ಕೆ ಕರೆದು ಕೇಳಬೇಕು.
ಅವತ್ತು ಎಲ್ಲರೆದುರು ಚೀಲಕ್ಕೆ ಕೈಹಾಕುವಾಗ
ಅವನ ಮೊಣಕಾಲು ನಡುಗಿದ್ದು
ಬಾಗಿಲಲ್ಲಿ ನಿಂತ ನನಗೆ ಕಂಡಿತ್ತು.